ನಿಂಬೆಗಿಡಕ್ಕೊಂದು ಜಾಗ

ಒಂದೂರಲ್ಲಿ ಒಬ್ಬನಿದ್ದನಂತೆ. ನೆಲಕ್ಕೆ ಕಿವಿಗೊಟ್ಟರೆ ಅದರ ಹೊಟ್ಟೆಯೊಳಗಿನದೆಲ್ಲ ಅವನಿಗೆ ಕೇಳಿಸುತ್ತಿತ್ತಂತೆ; ಅಡುಗೆಮನೆಯಿಂದ ಹೆಂಡತಿ ಕೂಗಿದ್ದು ಮಾತ್ರ ಕೇಳಿಸುತ್ತಿರಲಿಲ್ಲವಂತೆ. ಆ ಹೆಂಡತಿ ಈಗ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಗಳದ ನಡುವೆ ನಿಂತು ಹಾರೆ ಎತ್ತಿದ್ದಳು. ಅವನು ನಡುಮನೆಯಲ್ಲಿ ಬಿಳಿ ಹೊದಿಕೆಯಡಿ ಮಲಗಿದ್ದ. ಮಣ್ಣಿಗೆ ಒಯ್ಯುವ ಗಾಡಿ ಇನ್ನೂ ಬಂದಿರಲಿಲ್ಲ.

"ಅತ್ತಿಗೆ, ಅಣ್ಣ ಒಳಗೆ ಹಾಗೆ ಮಲಗಿರುವಾಗ ನೀವಿಲ್ಲಿ ಗುಂಡಿ ತೋಡ್ತಿದೀರಲ್ಲ! ಜನ ಏನಂದಾರು?" ನಾದಿನಿ ಬಾಗಿಲಿಂದಲೇ ಪಿಸುಗುಟ್ಟಿದಳು.

"ಏನಾದ್ರೂ ಅನ್ಲಿ. 'ಈ ಮನೆ ಬಿಟ್ಟು ಹೋಗೋದ್ರೊಳಗೆ ನಿನ್ನ ನಿಂಬೆಗಿಡ ನೆಟ್ಟುಕೊಡ್ತೀನಿ' ಅಂತ ನಿಮ್ಮಣ್ಣ ಮಾತು ಕೊಟ್ಟಿದ್ರು. ಗಾಡಿ ಬರೋಕೆ ಮುಂಚೆ ಅದಾಗ್ಬೇಕು."

ಪಕ್ಕದಲ್ಲಿದ್ದ ಎಣ್ಣೆ ಡಬ್ಬಿಯಲ್ಲಿ ಗಿಡ ಗಿಡ್ಡಗೇ ಉಳಿದು ಮುದಿಯಾಗಿತ್ತು. ತುಕ್ಕು ಹಿಡಿದ ತಳ ಸೀಳಿ ಬೇರು ಹೊರಗೆ ಇಣುಕುತ್ತಿತ್ತು. ಅವಳು ಒಂದು ಏಟು ಹಾಕಿದಳು. ಇನ್ನೊಂದಕ್ಕೆ ಹಾರೆ ಎತ್ತುವಾಗ ಗೇಟಿನಿಂದ ಕೂಗು ಬಂತು.

"ನಿಲ್ಸಿ ಅಕ್ಕ!"

ತಿರುಗಿ ನೋಡಬೇಕಾಗಿರಲಿಲ್ಲ. ಅದು ಗಂಡನ ಜೊತೆ ಕೆಲಸ ಮಾಡುತ್ತಿದ್ದ ಬಣ್ಣದವಳ ದನಿ.

\*

ಬೀದಿ ಅಗೆಯುವ ಮೊದಲು ಅದರಡಿಯ ಪೈಪು, ವೈರು ಎಲ್ಲಿವೆ ಎಂದು ಪತ್ತೆ ಹಚ್ಚುವುದು ಅವನ ಕೆಲಸ. ಕಿವಿಗೆ ಹೆಡ್‌ಫೋನು, ಕೈಯಲ್ಲಿ ಉದ್ದ ಹಿಡಿಯ ಯಂತ್ರ. ಸದ್ದು ಏರಿದಲ್ಲಿ ನಿಂತು ಕಾಲ್ಬೆರಳಿಂದ ತೋರಿಸುತ್ತಿದ್ದ; ಹಿಂದೆಯೇ ಬರುತ್ತಿದ್ದ ಬಣ್ಣದವಳು ಬಣ್ಣದ ಡಬ್ಬಿ ಒತ್ತಿ ನೆಲದ ಮೇಲೆ ಗೆರೆ ಎಳೆಯುತ್ತಿದ್ದಳು. ನೀರಿಗೆ ನೀಲಿ, ಕರೆಂಟಿಗೆ ಕೆಂಪು, ಗ್ಯಾಸಿಗೆ ಹಳದಿ. ಗೆರೆ ಬಿದ್ದ ಮೇಲೆಯೇ ಅಗೆಯುವ ಯಂತ್ರ ಬಾಯಿ ತೆರೆಯಬೇಕು. ಆ ಯಂತ್ರದ ಡ್ರೈವರುಗಳು ಅವನನ್ನು ಕಿವಿಯಣ್ಣ ಎನ್ನುತ್ತಿದ್ದರು.

ಸಂಜೆ ಬಂದವನು ಬಾಗಿಲ ಪಕ್ಕದ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದ. ಹೆಂಡತಿ ಚಹಾ ತಂದು ಪಕ್ಕದಲ್ಲಿ ಕೂರುತ್ತಿದ್ದಳು. ಒಂದು ಸಂಜೆ ಅವನ ಎಡಗಿವಿಯ ಮೇಲೆ ನೀಲಿ ಹೆಬ್ಬೆರಳಿನ ಗುರುತು ಕಂಡಿತು.

"ಇದೇನ್ರೀ?"

"ಓ, ಅದಾ? ಹೆಡ್‌ಫೋನು ಜಾರ್ತಿತ್ತು. ಅವಳು ಸರಿಮಾಡಿದ್ಲು."

"ನಿಮ್ಮ ಕೈಗೇನು ಗರ ಬಡಿದಿತ್ತಾ?"

"ಎರಡೂ ಕೈಲಿ ಯಂತ್ರ ಇತ್ತು ಮಾರಾಯ್ತಿ. ನೀನು ಅಲ್ಲಿರ್ಲಿಲ್ವಲ್ಲ."

ನೀನು ಅಲ್ಲಿರಲಿಲ್ಲ. ಅವಳ ಸಂಕಟವೂ ಅದೇ ಆಗಿತ್ತು. ಸೋಪು ಹಚ್ಚಿ ಉಜ್ಜಿದಳು. ಕಿವಿ ಕೆಂಪಾಯಿತು, ನೀಲಿ ಹೋಗಲಿಲ್ಲ.

"ಊರವರ ಅಂಗಳವೆಲ್ಲ ಅವಳ ಜೊತೆ ಸುತ್ತಾಯ್ತು. ನಿಂಬೆಗಿಡಕ್ಕೆ ನಮ್ಮ ಅಂಗಳ ಯಾವಾಗ ನೋಡ್ತೀರಿ?"

"ನಾಳೆ."

ಆ ನಾಳೆಗೆ ಗಡ್ಡ ಬಂದು, ನರೆದೂ ಹೋಯಿತು.

\*

"ಅವರನ್ನ ನೋಡೋಕೆ ಬಂದಿದ್ರೆ ಒಳಗೆ ಹೋಗು. ಇದು ನನ್ನ ಅಂಗಳ."

"ಅಂಗಳ ನಿಮ್ಮದೇ ಅಕ್ಕ. ನೀವು ನಿಂತಿರೋದು ಗ್ಯಾಸ್ ಪೈಪಿನ ಮೇಲೆ. ಹಾರೆ ಕೆಳಗಿಡಿ, ಮೆಲ್ಲಗೆ."

"ನಿನಗೆ ಹೇಗೆ ಗೊತ್ತು?"

ಬಣ್ಣದವಳು ಹೆಗಲ ಚೀಲ ಸರಿಮಾಡಿಕೊಂಡಳು. "ನೀವು ತಂಗಿ ಮನೆಗೆ ಹೋಗಿದ್ದಾಗ ಅಣ್ಣ ಕರ್ಕೊಂಡು ಬಂದಿದ್ರು."

"ನಾನಿಲ್ಲದ ಮನೆಗೆ!"

"ಹೊಸಿಲು ದಾಟ್ಲಿಲ್ಲ, ಒಂದ್ ಲೋಟ ನೀರೂ ಕುಡೀಲಿಲ್ಲ. ಅಂಗಳದ ತುಂಬಾ ಪೈಪು, ವೈರು. ಗಿಡ ಬೇರು ಬಿಡೋಕೆ ಒಂದೇ ಜಾಗ ಖಾಲಿ ಇತ್ತು." ಬಣ್ಣದವಳು ಕಲ್ಲುಬೆಂಚು ತೋರಿಸಿದಳು. "ಅದರಡಿ. 'ಅದನ್ನೆತ್ತಿದ್ರೆ ಸಂಜೆ ನಾವಿಬ್ರು ಎಲ್ಲಿ ಕೂರೋದು? ಅವಳಿಗೆ ಹೇಳ್ಬೇಡ, ಎತ್ತಿ ಬಿಸಾಕಿ ಅಂದುಬಿಡ್ತಾಳೆ' ಅಂದ್ರು ಅಣ್ಣ."

ಅವಳು ಖಂಡಿತ ಹಾಗೇ ಅನ್ನುತ್ತಿದ್ದಳು. ಅದಕ್ಕೇ ಇನ್ನಷ್ಟು ಉರಿಯಿತು.

"ನಿನಗೆ ಹೇಳಿದ್ರು. ನನಗೆ ಹೇಳ್ಲಿಲ್ಲ."

"ಅದೊಂದೇ ಅಕ್ಕ ಹೇಳಿದ್ದು. ದಿನವಿಡೀ ಕಿವಿ ಮುಚ್ಚಿರೋದು, ನನ್ನ ಮಾತು ಎಲ್ಲಿ ಕೇಳ್ಬೇಕು? ಸಂಜೆ ಹೆಡ್‌ಫೋನು ತೆಗೆದ್ರೋ, ಹೊರಟ್ರು. ಎಲ್ಲಿಗಣ್ಣ ಇಷ್ಟು ಅವಸರ ಅಂದ್ರೆ, ಬೆಂಚಿಗೆ ಅನ್ನೋರು." ಬಣ್ಣದವಳ ದನಿ ಹುಳಿಯಾಯಿತು. "ನೋಡೋಕೆ ಮುಂಚಿನಿಂದ್ಲೂ ಈ ಬೆಂಚು ಕಂಡ್ರೆ ನಂಗಾಗ್ತಿರ್ಲಿಲ್ಲ."

ಅವಳು ಬಣ್ಣದವಳನ್ನು ಆವತ್ತೇ ಮೊದಲ ಸಲ ನೆಟ್ಟಗೆ ನೋಡಿದಳು.

"ಹಾಗಾದ್ರೆ ಎತ್ತು."

"ಮೊದಲು ಕೇಳ್ಬೇಕು. ನೆನಪು ನಂಬಿ ಅಗೀಬಾರ್ದು, ಅಣ್ಣನ ಮಾತದು." ಬಣ್ಣದವಳು ಗೇಟಿಗೆ ಒರಗಿಸಿದ್ದ ಅಣ್ಣನ ಯಂತ್ರ ತಂದು, ಚೀಲದಿಂದ ಹೆಡ್‌ಫೋನು ತೆಗೆದು ಅಳುಕುತ್ತಲೇ ಹಾಕಿಕೊಂಡಳು. "ಇದಕ್ಕೆ ಇಬ್ರು ಬೇಕಕ್ಕ. ಕೇಳೋಕೆ ಒಬ್ರು, ಬಳಿಯೋಕೆ ಒಬ್ರು."

ಚಾಚಿದ ಬಣ್ಣದ ಡಬ್ಬಿಗಳನ್ನು ಅವಳು ಕಿತ್ತುಕೊಂಡಳು.

ಬಣ್ಣದವಳ ಕಾಲು ನಿಂತಲ್ಲೆಲ್ಲ ಗೆರೆ ಬಿತ್ತು. ಕೆಂಪು, ಹಳದಿ, ಕೊನೆಯಲ್ಲಿ, ಬೆರಳಿಗೆ ಸೋರುತ್ತಿದ್ದ ಡಬ್ಬಿಯಿಂದ ನೀಲಿ. ಅವಳ ಗೆರೆ ಸೊಟ್ಟ. ಸಾವಿಗೆ ಬಂದಿದ್ದ ಡ್ರೈವರುಗಳು ಕುರ್ಚಿ ಬಿಟ್ಟೆದ್ದರು. ಒಬ್ಬನೂ ಗೆರೆ ತುಳಿಯಲಿಲ್ಲ.

ಬೆಂಚಿನ ಸುತ್ತ ಬಣ್ಣದವಳು ನಡೆದಳು, ಮತ್ತೊಮ್ಮೆ ನಡೆದಳು. ಹೆಡ್‌ಫೋನು ತೆಗೆದಳು. "ಏನೂ ಕೇಳ್ಸಲ್ಲ."

ನಾಲ್ವರು ಡ್ರೈವರುಗಳು ಕಲ್ಲೆತ್ತಿದರು. ಅಡಿಯ ಮಣ್ಣು ತಣ್ಣಗೆ, ಮೆತ್ತಗಿತ್ತು. ಅವಳು ಗುಂಡಿ ತೋಡಿ, ಎಣ್ಣೆ ಡಬ್ಬಿ ಸೀಳಿ, ಗಿಡವಿಟ್ಟು, ಅಂಗೈಯಿಂದ ಮಣ್ಣೊತ್ತುವಾಗ ಗೇಟಿನಲ್ಲಿ ಗಾಡಿಯ ಸದ್ದಾಯಿತು.

"ಅತ್ತಿಗೆ, ಬಂದ್ರು. ಕೈ ತೊಳ್ಕೊಳ್ಳಿ."

ಅವಳು ತೊಳೆಯಲಿಲ್ಲ. ಹಾಗೇ ಒಳಗೆ ಹೋಗಿ ಅವನ ತಲೆಯ ಬಳಿ ಮಂಡಿಯೂರಿದಳು. ಹೊದಿಕೆ ಸರಿಸಿ, ಎಡಗಿವಿಯ ಮೇಲೆ ಹೆಬ್ಬೆರಳನ್ನು ಅದುಮಿ ಹಿಡಿದಳು. ತೆಗೆದಾಗ ಅಲ್ಲೊಂದು ನೀಲಿ ಗುರುತು ಉಳಿದಿತ್ತು.

"ಈಗ ಎತ್ತಿ," ಎಂದಳು.