ಉಂಗುರದ ಗೀರು

ನನ್ನನ್ನು ಯಾರಾದರೂ ಗಾಜು ಎಂದರೆ ಮೈಯೆಲ್ಲ ಉರಿಯುತ್ತದೆ. ನಾನು ಅಕ್ರಿಲಿಕ್ ಮೀನಿನ ತೊಟ್ಟಿ. ಹುಬ್ಬಳ್ಳಿಯ ಒಂದು ಶೆಡ್ಡಿನಲ್ಲಿ ಹಾಳೆ ಕೊಯ್ದು, ಅಂಟಿಸಿ ನನ್ನನ್ನು ಮಾಡಿದರು. ಗಾಜಿನಷ್ಟು ಸುಲಭವಾಗಿ ನಾನು ಒಡೆಯುವುದಿಲ್ಲ. ಆದರೆ ಮೈ ಮೆತ್ತಗೆ, ಗಟ್ಟಿಯಾದದ್ದು ತಾಗಿದರೆ ಗೀರು ಬೀಳುತ್ತದೆ.

ಗದಗಿನ ನೀಲಾಂಬಿಕಾ ಅಕ್ಕಾರು ನನ್ನನ್ನು ಕೊಂಡು ತಮ್ಮ ಸೀರೆ ಅಂಗಡಿಯ ಬಾಗಿಲ ಬಳಿ ಇಟ್ಟರು. ಒರೆಸುವ ಕೆಲಸ ಅಂಗಡಿಯ ಆಳು ಫಕೀರವ್ವನದು. ಹಳೆಯ ಪಂಚೆಯ ತುಂಡನ್ನು ಒದ್ದೆ ಮಾಡಿ, ಕೂಸಿನ ಮುಖ ಒರೆಸಿದ ಹಾಗೆ ಒರೆಸುತ್ತಿದ್ದಳು. ಅಕ್ಕಾರಿಗೆ ಬೇರೆಯೇ ಚಟ. ಗಿರಾಕಿ ಬಂದಾಗಲೆಲ್ಲ ವಜ್ರದುಂಗುರದ ಬೆರಳಿನಿಂದ ನನ್ನನ್ನು ಟಕಟಕ ಬಡಿದು, ಆ ಬೆರಳನ್ನು ನನ್ನ ಮೈಮೇಲೆ ಸರ್ರನೆ ಎಳೆದು ಮೀನುಗಳನ್ನು ಕರೆಯುತ್ತಿದ್ದರು. ಮೀನುಗಳು ಬರುತ್ತಿದ್ದವು, ಗಿರಾಕಿಗಳು ನಗುತ್ತಿದ್ದರು, ನಾನು ನೋವು ನುಂಗುತ್ತಿದ್ದೆ.

ಒಂದು ಸಂಜೆ ಬಿಸಿಲು ಓರೆಯಾಗಿ ಬಿದ್ದು ಗೀರುಗಳೆಲ್ಲ ಎದ್ದು ಕಂಡವು.

"ಪಾತ್ರಿ ತಿಕ್ಕೂ ನಾರು ಹಾಕಿ ತಿಕ್ಕೀಯೇನ?" ತುಂಬಿದ ಅಂಗಡಿಯಲ್ಲಿ ಅಕ್ಕಾರು ಫಕೀರವ್ವನ ಮೇಲೆ ಹರಿಹಾಯ್ದರು.

"ಇಲ್ರೀ ಅಕ್ಕಾರ, ದೇವರಾಣೆ. ಬರೇ ಅರಿವೀಲೆ ಒರಸ್ತೀನ್ರಿ."

ಯಾರು ಕೇಳುತ್ತಾರೆ? ಅಲ್ಲೇ ಕೆಲಸ ಬಿಡಿಸಿದರು. ಸಾಮಾನು ಹಾಳು ಮಾಡುವವಳು ಎಂಬ ಮಾತು ಹಬ್ಬಿ, ಬಜಾರಿನಲ್ಲಿ ಬೇರೆ ಯಾರೂ ಅವಳನ್ನು ಒಳಗೆ ಸೇರಿಸಲಿಲ್ಲ. ಹಲ್ಲಿದ್ದಿದ್ದರೆ ಅಕ್ಕಾರನ್ನು ಕಡಿಯುತ್ತಿದ್ದೆ. ಈ ಹೆಂಗಸಿನ ಮೇಲೆ ಸೇಡು ತೀರಿಸದೆ ಬಿಡಬಾರದು ಎನಿಸಿತು. ಆದರೆ ನಿಂತಲ್ಲೇ ನಿಂತಿರುವ ತೊಟ್ಟಿ ಏನು ಮಾಡೀತು?

ಅಕ್ಕಾರು ದಸ್ತಗೀರನನ್ನು ಕರೆಸಿದರು. ಮಬ್ಬಾದ ಕಾರಿನ ಹೆಡ್‌ಲೈಟು ಹೊಳೆಯಿಸುವುದು ಅವನ ಕಸುಬು. ಮೀನುಗಳನ್ನು ಬಕೆಟ್ಟಿಗೆ ಹಾಕಿ, ನೀರು ಖಾಲಿ ಮಾಡಿ, ಒದ್ದೆ ಪಾಲಿಶ್ ಪೇಪರಿನಿಂದ ನನ್ನನ್ನು ಉಜ್ಜಿದ. ಮೊದಲು ಒರಟಾದದ್ದು, ಆಮೇಲೆ ನಯವಾದದ್ದು. ನಾನು ಮೊಸರಿನಂತೆ ಬೆಳ್ಳಗಾದೆ. ಪಾಲಿಶ್ ಹಚ್ಚಿ ಬಟ್ಟೆಯಿಂದ ತಿಕ್ಕಿದಾಗ ಹೊಸದರಂತೆ ಹೊಳೆದೆ. ನನಗೋ ಹೊಟ್ಟೆ ಉರಿಯಿತು. ಫಕೀರವ್ವನ ಪರ ಇದ್ದ ಸಾಕ್ಷಿಯೆಲ್ಲ ಅಳಿಸಿಹೋಗಿತ್ತು.

ಶ್ರಾವಣ ಶುಕ್ರವಾರ ಅಂಗಡಿಯಲ್ಲಿ ಅರಿಷಿಣ ಕುಂಕುಮ. ಬಜಾರಿನ ಹೆಂಗಸರೆಲ್ಲ ನೆರೆದಿದ್ದರು.

"ನೋಡ್ರಿ, ಆಕಿ ಹೋದಮ್ಯಾಲೆ ನನ್ನ ತೊಟ್ಟಿ ಹೆಂಗ ಹೊಳೀಲಿಕ್ಕತ್ತೈತಿ!" ಎಂದ ಅಕ್ಕಾರು ಅಭ್ಯಾಸಬಲದಿಂದ ನನ್ನನ್ನು ಬಡಿದು, ಉಂಗುರದ ಬೆರಳನ್ನು ಸರ್ರನೆ ಎಳೆದರು.

ಕಿರ್ರ್!

ಹೊಳೆಯುವ ಮೈಮೇಲೆ ಉದ್ದನೆಯ ಬಿಳಿ ಗೀರು. ಹಳೆಯ ಗೀರುಗಳ ನಡುವೆ ಬಿದ್ದಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ. ನೋವಾಯಿತು, ಆದರೆ ಅಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ.

ಬಳೆ ತೊಡಿಸಲು ಬಂದಿದ್ದ ಹುಸೇನಬಿ ಕೇಳಿಯೇಬಿಟ್ಟಳು: "ಫಕೀರವ್ವ ಹೋಗಿ ತಿಂಗಳಾತಲ್ರೀ ಅಕ್ಕಾರ. ಇದನ್ನ ಯಾರ ತಿಕ್ಕಿದ್ರು?"

ಯಾರೋ ಕಿಸಕ್ಕೆಂದರು. ಅಕ್ಕಾರ ಮುಖ ಇಂಗು ತಿಂದ ಮಂಗನಂತಾಯಿತು. ಸಂಜೆಯೊಳಗೆ ಬಜಾರಿಗೆಲ್ಲ ಸುದ್ದಿ.

ಮರುದಿನ ಫಕೀರವ್ವನಿಗೆ ಕರೆ ಹೋಯಿತು. "ಆಗಿದ್ದು ಆಗಿಹೋತು. ನಾಳಿಂದ ಬಾ" ಎಂದರು ಅಕ್ಕಾರು.

ಫಕೀರವ್ವ ನನ್ನ ಗೀರಿನ ಮೇಲೆ ಮೆಲ್ಲಗೆ ಕೈಯಾಡಿಸಿದಳು. "ಮೊದಲ ಆ ಉಂಗುರ ತಗೀರಿ. ಆಮ್ಯಾಲೆ ನೀವ ಒರಸ್ರಿ" ಎಂದು ಪಕ್ಕದ ಅಂಗಡಿಗೆ ನಡೆದಳು. ಸುದ್ದಿ ಕೇಳಿದ ಅಲ್ಲಿಯವರು ಆಗಲೇ ಅವಳಿಗೆ ಕೆಲಸ ಕೊಟ್ಟಿದ್ದರು.

ಆ ಗೀರು ಗಿರಾಕಿಗಳ ಕಣ್ಣಿಗೆ ಬೀಳಬಾರದೆಂದು ಅಕ್ಕಾರು ನನ್ನನ್ನು ಒಳಗೆ ಸಾಗಿಸಿದರು; ಈಗ ನಾನು ಗೋದಾಮಿನ ಮೂಲೆಯಲ್ಲಿದ್ದೇನೆ. ಒಳಗೆ ನೀರಿಲ್ಲ, ಮುರಿದ ಹ್ಯಾಂಗರುಗಳಿವೆ. ಕ್ಷಮಿಸುವುದು ದೊಡ್ಡ ಗುಣವಂತೆ. ಇರಬಹುದು. ನನ್ನ ಮೈ ಮೆತ್ತಗಿದ್ದರೂ ಮನಸ್ಸು ಮೆತ್ತಗಿಲ್ಲ. ಸೀರೆ ತೆಗೆಯಲು ಬಂದಾಗಲೆಲ್ಲ ಅಕ್ಕಾರು ನನಗೆ ಬೆನ್ನು ಹಾಕಿಯೇ ನಿಲ್ಲುತ್ತಾರೆ. ನಿಲ್ಲಲಿ. ಮುಪ್ಪಿನಲ್ಲಿ ನನಗೆ ಇಷ್ಟು ಸುಖ ಸಾಕು.