ಮೊದಲ ಗುಂಡು ದೊಡ್ಡಳಿಯನದು

ಹಲ್ಲಿನ ಡಾಕ್ಟರಾಗಿದ್ದ ದೊಡ್ಡಳಿಯನಿಗೆ ಷಡ್ಡಕನ ಮೇಲೆ ಹೊಟ್ಟೆಕಿಚ್ಚು ಎಂದು ಯಾರಾದರೂ ಹೇಳಿದ್ದರೆ ಅವನು ನಕ್ಕುಬಿಡುತ್ತಿದ್ದ. ಹೊಟ್ಟೆಕಿಚ್ಚು ಪಡಲು ಆ ಚಿಕ್ಕಳಿಯನ ಹತ್ತಿರ ಇದ್ದದ್ದಾದರೂ ಏನು? ಒಬ್ಬ ಕೂತರೆ ಇನ್ನೊಬ್ಬ ನಿಂತೇ ಇರಬೇಕಾದಂಥ ಗಡಿಯಾರ ರಿಪೇರಿ ಅಂಗಡಿ, ಮಾಸಿದ ಅಂಗಿ, ಸದಾ ನಗುವ ಮುಖ. ಆದರೂ ಮಾವ ಅವನನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದರು. ದೊಡ್ಡಳಿಯ ಬಂದರೆ "ಬನ್ನಿ, ಕೂತ್ಕೊಳ್ಳಿ" ಎಂಬ ಮರ್ಯಾದೆ. ಚಿಕ್ಕಳಿಯ ಬಂದರೆ "ಎಲ್ಲಿ ಹಾಳಾಗಿ ಹೋಗಿದ್ಯೋ ಇಷ್ಟು ದಿನ" ಎಂಬ ಬೈಗುಳ. ಅಂಥ ಒಂದು ಬೈಗುಳ ತನಗೂ ಸಿಗಬಾರದೇ ಎಂದು ದೊಡ್ಡಳಿಯ ಒಳಗೊಳಗೇ ಬೇಯುತ್ತಿದ್ದ. ಇನ್ನೂ ಉರಿಯುವ ಸಂಗತಿಯೆಂದರೆ, ಮಾವನ ಬಾಯಲ್ಲಿದ್ದ ಎರಡು ಸಾಲು ಕಟ್ಟುಹಲ್ಲನ್ನೂ ಮತ್ತೆ ಮತ್ತೆ ಅಳತೆ ತೆಗೆದು ಕಟ್ಟಿಕೊಟ್ಟವನು ಇವನೇ. ಆ ಹಲ್ಲನ್ನು ತೋರಿಸಿಕೊಂಡು ಮಾವ ನಗುತ್ತಿದ್ದದ್ದೆಲ್ಲ ಚಿಕ್ಕಳಿಯನ ಕಡೆಗೆ.

ಮಾವನಿಗೆ ಬೇಟೆಗೊಂದು ಹಳೇ ರೈಫಲ್ ಬೇಕಾಗಿತ್ತು. ಪರೀಕ್ಷೆ ಮಾಡಲು ಚಿಕ್ಕಳಿಯನನ್ನು ಕರೆದರು. ದೊಡ್ಡಳಿಯನನ್ನೂ ಕರೆದರು, ಏಕೆಂದರೆ ಕಾರು ಅವನದಾಗಿತ್ತು. ದಾರಿಯುದ್ದಕ್ಕೂ ಚಿಕ್ಕಳಿಯನದೇ ಮಾತು.

"ಮೊದ್ಲು ನೋಡ್ಬೇಕಾದ್ದು ಬೋಲ್ಟು, ಮಾವ. ಬಾಗಿಲಿಗೆ ಅಗುಳಿ ಹೇಗೋ, ತೋಟಾದ ಹಿಂದೆ ಇದು ಹಾಗೆ. ಕೋವಿ ಮೇಲಿರೋ ನಂಬರ್ರೇ ಇದರ ಮೇಲೂ ಇರ್ಬೇಕು. ಬೇರೆ ಕೋವಿದು ತಂದು ತುರುಕಿದ್ರೆ ಸರಿಯಾಗಿ ಕಚ್ಕೊಳ್ದೆ, ಹೊಡೆದೋನ ಮುಖಕ್ಕೇ ಸಿಡಿದುಬಿಡ್ಬಹುದು."

ಎಲ್ಲ ಬಲ್ಲವನ ಹಾಗೆ ಆಡುತ್ತಾನೆ ಎಂದುಕೊಂಡು ದೊಡ್ಡಳಿಯ ಗೇರು ಬದಲಾಯಿಸಿದ.

ಕೋವಿ ಅಂಗಡಿಯಲ್ಲಿ ಎಣ್ಣೆಯ ವಾಸನೆ, ಉದ್ದನೆಯ ಮೇಜು, ಮೇಜಿನ ಮೇಲೆ ದಪ್ಪ ಬಟ್ಟೆ. ಅಂಗಡಿಯವನು ರೈಫಲ್ ತಂದು ಮಲಗಿಸಿದ. ಚಿಕ್ಕಳಿಯ ಬೋಲ್ಟನ್ನು ಹಿಂದಕ್ಕೆಳೆದು ಹೊರತೆಗೆದು, ಪಕ್ಕದಲ್ಲಿದ್ದ ದೊಡ್ಡಳಿಯನ ಕೈಗಿತ್ತ. "ಭಾವ, ಒಂಚೂರು ಹಿಡ್ಕೊಳ್ಳಿ." ಆಮೇಲೆ ನಳಿಗೆಯ ತುದಿಗೆ ಕಣ್ಣಿಟ್ಟು ಬಗ್ಗಿದ. ತಾನೂ ಒಂದು ಕೈ ನೋಡೋಣವೆಂದು ದೊಡ್ಡಳಿಯ ಜೇಬಿನಿಂದ ಹಲ್ಲು ನೋಡುವ ಪುಟ್ಟ ಕನ್ನಡಿ ತೆಗೆದು ಚಾಚಿದ.

"ಬೇಡ ಭಾವ, ಬಿಳೀ ಕಾಗದ ಸಾಕು." ಚಿಕ್ಕಳಿಯ ನಳಿಗೆಯ ಬುಡಕ್ಕೆ ಕಾಗದದ ಚೂರು ಒಡ್ಡಿ, ಅದರ ಬೆಳಕಿನಲ್ಲಿ ಒಳಗಿನ ಸುರುಳಿ ಗೆರೆಗಳನ್ನು ನೋಡಿದ. "ತುಕ್ಕಿಲ್ಲ, ಸವೆತ ಇಲ್ಲ. ಬನ್ನಿ ಮಾವ, ನೀವೇ ನೋಡಿ."

ಮಾವ ಇಣುಕಿ "ಭೇಷ್" ಎಂದರು. ಕೋವಿಯನ್ನು ಮಾಡಿದವರು ಯಾರೋ, ಆ ಭೇಷ್ ಮಾತ್ರ ಚಿಕ್ಕಳಿಯನಿಗೆ. ಕನ್ನಡಿ ಮತ್ತೆ ಜೇಬು ಸೇರಿತು.

ಚಿಕ್ಕಳಿಯ ಗಡಿಯಾರದ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ನಳಿಗೆಯ ಬುಡದಲ್ಲಿ ಒತ್ತಿದ್ದ ಮುದ್ರೆಗಳನ್ನು ಹುಡುಕಿದ. ಕಾರ್ಖಾನೆಯವರು ವರ್ಷಕ್ಕೊಂದು ಅಕ್ಷರ ಒತ್ತುತ್ತಿದ್ದರಂತೆ. ಅಕ್ಷರ ಸಿಕ್ಕಿತು. ಬೆರಳು ಮಡಿಸಿ ಲೆಕ್ಕ ಹಾಕಿದವನು ಬಿದ್ದು ಬಿದ್ದು ನಕ್ಕ.

"ಮಾವ, ಇದು ನೀವು ಹುಟ್ಟಿದ ವರ್ಷದ್ದು."

"ಹಾಗಾದ್ರೆ ನನ್ನ ವಾರಿಗೆಯೋನೇ ಅನ್ನು," ಎಂದು ಮಾವ ಅವನ ಬೆನ್ನಿಗೆ ಗುದ್ದಿದರು. ಅಂಗಡಿಯವನೂ ನಕ್ಕ. ಮೂವರೂ ಕೋವಿಯ ಮೇಲೆ ಬಗ್ಗಿ ಆ ಅಕ್ಷರವನ್ನೇ ನೋಡುತ್ತ ನಿಂತರು.

ಬೋಲ್ಟು ದೊಡ್ಡಳಿಯನ ಅಂಗೈಯಲ್ಲೇ ಇತ್ತು. ಮಾಡಲು ಬೇರೆ ಕೆಲಸವಿಲ್ಲದೆ ಅವನು ಅದನ್ನು ಮಗುಚಿ ನೋಡಿದ. ಹೊಟ್ಟೆಯ ಭಾಗದಲ್ಲಿ ಸಣ್ಣಗೆ ನಂಬರು ಕೆತ್ತಿತ್ತು. ಮೇಜಿನ ಮೇಲಿದ್ದ ಕೋವಿಯ ನಂಬರನ್ನು ನೋಡಿದ. ಕೊನೆಯ ಎರಡು ಅಂಕಿ ಬೇರೆ. ಇನ್ನೊಮ್ಮೆ ನೋಡಿದ. ಬೇರೆಯೇ.

ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಮಾವ, "ಇವನೊಬ್ಬ ಜೊತೆಗಿದ್ರೆ ನಂಗೆ ಇನ್ಯಾರೂ ಬೇಡ" ಎಂದು ಅಂಗಡಿಯವನ ಹತ್ತಿರ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. ಕಾರಿನಲ್ಲಿ ಅಷ್ಟು ಕೊಚ್ಚಿಕೊಂಡವನು ಈಗ ಹೊಗಳಿಕೆಗೆ ಉಬ್ಬಿ ಅದನ್ನೇ ಮರೆತಿದ್ದಾನೆ. ಕೊಂಡುಕೊಳ್ಳಲಿ, ನಾಳೆ ಬೇರೆ ಯಾರಾದರೂ ನೋಡಿ ಉಗಿಯಲಿ, ಆಗ ಗೊತ್ತಾಗುತ್ತದೆ ಮಾವನಿಗೆ ಇವನ ಯೋಗ್ಯತೆ. ಚಿಕ್ಕಳಿಯ ನೋಡದೆಯೇ ಕೈ ಚಾಚಿದ. ದೊಡ್ಡಳಿಯ ಬೋಲ್ಟನ್ನು ಅದರಲ್ಲಿಟ್ಟ. ಅದು ಕೋವಿಯೊಳಗೆ ಸರಿದು ಕೂತಿತು. ಹಾಲು ಕುಡಿದಷ್ಟು ಸಂತೋಷವಾಯಿತು ಅವನಿಗೆ.

"ವ್ಯಾಪಾರ ಮುಗಿಸೋ ಮುಂಚೆ ಒಂದು ಗುಂಡು ಹೊಡೆದು ನೋಡ್ಬಿಡಿ," ಎಂದ ಅಂಗಡಿಯವನು.

ಗುಂಡಿನ ಮಾತು ದೊಡ್ಡಳಿಯನ ಲೆಕ್ಕದಲ್ಲಿ ಇರಲಿಲ್ಲ. ಹಿತ್ತಲಿನ ಮರಳುಗುಡ್ಡೆಯ ಮುಂದೆ ಎಲ್ಲರೂ ಹೋಗಿ ನಿಂತರು. ಅಂಗಡಿಯವನು ತೋಟಾ ತುಂಬಿಸಿದ. ಚಿಕ್ಕಳಿಯ ಕೋವಿ ಎತ್ತಿ ಮರದ ಹಿಡಿಯನ್ನು ಭುಜಕ್ಕೆ ಕೊಟ್ಟು ಕೆನ್ನೆ ತಾಗಿಸಿದ. ಈಗ ಹೇಳಬೇಕು, ಈಗ, ಎಂದುಕೊಳ್ಳುತ್ತಲೇ ದೊಡ್ಡಳಿಯ ಎರಡು ಹೆಜ್ಜೆ ಹಿಂದಕ್ಕೆ ಸರಿದ.

ಚಿಕ್ಕಳಿಯ ಥಟ್ಟನೆ ಕೋವಿ ಇಳಿಸಿದ. "ಅಲ್ಲಾ, ನಾನ್ಯಾಕೆ? ಭಾವ ಇದ್ದಾರಲ್ಲ, ಹಿರೀರು. ಮೊದ್ಲನೇ ಗುಂಡು ಅವರದಾಗ್ಲಿ ಮಾವ."

"ಹೌದಲ್ಲ," ಎಂದರು ಮಾವ. ಆ ಎರಡು ಸಾಲು ಹಲ್ಲು ಮೊಟ್ಟಮೊದಲ ಬಾರಿಗೆ ದೊಡ್ಡಳಿಯನ ಕಡೆ ನಕ್ಕವು. "ಹೊಡೀರಿ ಡಾಕ್ಟ್ರೇ."

ಕೋವಿ ಅವನ ಕೈಗೆ ಬಂತು. ಅವನು ಅದನ್ನು ಭುಜದ ತನಕವೂ ಒಯ್ಯಲಿಲ್ಲ.

"ಬೇಡ. ಇದು ಬೇರೆ ಕೋವಿಯ ಬೋಲ್ಟು. ನಂಬರ್ ತಾಳೆ ಆಗಲ್ಲ."

ಚಿಕ್ಕಳಿಯ ಕೋವಿ ಕಸಿದುಕೊಂಡು ತೋಟಾ ತೆಗೆದ, ಬೋಲ್ಟನ್ನು ಎಳೆದು ಮಗುಚಿ ನೋಡಿದ. ಅವನ ಮುಖದ ಬಣ್ಣವೇ ಇಳಿದುಹೋಯಿತು. ಮಾರಿದವರು ಹೀಗೇ ಕೊಟ್ಟರು, ನಾನೂ ಹಾಗೇ ಇಟ್ಟಿದ್ದೆ ಎಂದು ಅಂಗಡಿಯವನು ತೊದಲಿದ.

"ನೋಡ್ಲೇ ಇಲ್ಲ ಭಾವ. ನನ್ನ ಕಣ್ಣಿಗೆ ಏನು ಬಡಿದಿತ್ತೋ. ನೀವಿಲ್ದಿದ್ರೆ ಇವತ್ತು..." ಚಿಕ್ಕಳಿಯನ ಕಣ್ಣು ಒದ್ದೆಯಾಯಿತು. ಅವನು ದೊಡ್ಡಳಿಯನ ಎರಡೂ ಕೈ ಹಿಡಿದುಕೊಂಡ. "ಯಾವಾಗ ನೋಡಿದ್ರಿ?"

"ಈಗ್ಲೇ, ಇಲ್ಲೇ," ಎಂದ ದೊಡ್ಡಳಿಯ.

ಚಿಕ್ಕಳಿಯ ತಲೆಯಾಡಿಸಿದ. ಅವನಿಗೆ ಅಷ್ಟೇ ಸಾಕಾಗಿತ್ತು. ಮಾವ ಮಾತ್ರ ಹತ್ತಿರ ಬಂದು ಬೋಲ್ಟನ್ನು ಕೈಗೆ ತೆಗೆದುಕೊಂಡು ಹೊಟ್ಟೆಯ ಭಾಗದ ನಂಬರನ್ನು ಮುಟ್ಟಿ ನೋಡಿದರು. ಕೋವಿಯೊಳಗೆ ಹಾಕಿದರು. ನಂಬರು ಕಾಣಲಿಲ್ಲ. ತೆಗೆದರು. ಕಂಡಿತು.

"ಇದು ಹೊರಗಿದ್ದದ್ದು ಒಳಗೆ ಮೇಜಿನ ಹತ್ರ ಮಾತ್ರ, ನಿಮ್ಮ ಕೈಲಿ," ಎಂದರು ತಗ್ಗಿದ ದನಿಯಲ್ಲಿ. "ಇವನು ಕೋವೀನ ನಿಮಗೆ ಕೊಡ್ದೆ ತಾನೇ ಹೊಡ್ದಿದ್ರೆ, ಹೇಳ್ತಿದ್ರಾ?"

ಹೇಳುತ್ತಿದ್ದೆ ಎನ್ನಲು ದೊಡ್ಡಳಿಯ ಬಾಯಿ ತೆರೆದ. ಅದು ತನಗೇ ಗೊತ್ತಿಲ್ಲ ಎಂಬುದು ಆಗ ಅವನಿಗೆ ಗೊತ್ತಾಯಿತು.