ಚಾರ್ಟಿನ ಕೊನೆಯ ಸಾಲು

ಶಾಲೆಯವರು "ಫೋನ್ ಮಾಡಿ ತಿಳಿಸ್ತೀವಿ" ಎಂದದ್ದೇ ತಡ, ಕನ್ನಡಕದಂಗಡಿಯವನಿಗೆ ಫೋನು ಮೈಯ ಒಂದು ಅಂಗವೇ ಆಗಿಬಿಟ್ಟಿತು. ಬಚ್ಚಲಿಗೆ ಹೋದರೂ ಜೊತೆಗೆ, ಊಟಕ್ಕೆ ಕೂತರೂ ತಟ್ಟೆಯ ಪಕ್ಕಕ್ಕೆ. ವಿಮೆ ಮಾಡಿಸುತ್ತೀರಾ ಎಂದು ಕೇಳುವವರ ಕರೆಗೂ ಪುಣ್ಯಾತ್ಮ ಎದ್ದು ನಿಂತು "ನಮಸ್ಕಾರ ಮೇಡಂ" ಎನ್ನುತ್ತಿದ್ದ.

ಮಗಳು ಗುಬ್ಬಿಗೆ ಒಂದನೇ ತರಗತಿಗೆ ಸೀಟು ಆಗಬೇಕಿತ್ತು. ಆ ಶಾಲೆಯಲ್ಲಿ ಒಂದಕ್ಕೆ ಸೇರಿದರೆ ಹತ್ತರವರೆಗೆ ನಿಶ್ಚಿಂತೆ. ಈಗ ತಪ್ಪಿದರೆ, ಒಳಗಿದ್ದ ಮಗು ಯಾವುದಾದರೂ ಬಿಟ್ಟುಹೋಗುವವರೆಗೆ ಬಾಗಿಲು ಕಾಯಬೇಕು. ಅವನೋ ಬಂದ ಗಿರಾಕಿಗಳಿಗೆಲ್ಲ "ನಮ್ಮ ಹುಡುಗೀನ ಅಲ್ಲಿಗೇ ಹಾಕೋದು" ಎಂದು ಹೇಳಿಕೊಂಡೂ ಆಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಆದರೆ ಸಂದರ್ಶನ ಕೆಟ್ಟಿತ್ತು. ಮನೆಯಲ್ಲಿ ಕಥೆಪುಸ್ತಕವನ್ನು ಪಟಪಟನೆ ಓದುವ ಹುಡುಗಿ. ಅಲ್ಲಿ ಟೀಚರು ಕೋಣೆಯ ಆ ತುದಿಯ ಬೋರ್ಡಿನ ಮೇಲೆ ಪದಗಳನ್ನು ಬರೆದು ಓದಲು ಹೇಳಿದರಂತೆ. ಆಮೇಲೆ ಹೊರಗೆ ಬಂದು, "ಬರೆದಿದ್ದೇ ಒಂದು, ಇವಳು ಓದಿದ್ದೇ ಇನ್ನೊಂದು. ಮನೇಲಿ ಸ್ವಲ್ಪ ಅಕ್ಷರ ತಿದ್ದಿಸಿ" ಎಂದು ಅವನ ಮುಖಕ್ಕೇ ಹೇಳಿದರು. ಅವನು ಹುಬ್ಬು ಗಂಟಿಕ್ಕಿ, ಹಲ್ಲು ಕಚ್ಚಿಕೊಂಡು ಕಾರಿಡಾರಿನ ತುದಿಯಲ್ಲಿ ನಿಂತ. ಇನ್ನೊಂದು ತುದಿಯ ಬಾಗಿಲಿನಿಂದ ಹೊರಬಂದ ಗುಬ್ಬಿ ಅಪ್ಪನ ಕಡೆ ತಿರುಗಿ ನಗುನಗುತ್ತಾ ಕೈ ಬೀಸಿದಳು.

ಆ ನಗುವೇ ಅವನಿಗೆ ಹೆಚ್ಚು ಚುಚ್ಚಿತು. "ಇಲ್ಲಿ ಅಪ್ಪನ ಮಾನ ಹರಾಜಾಗ್ತಿದೆ, ನಿನಗೆ ಹಲ್ಲು ಕಿಸಿಯೋ ಹೊತ್ತಾ?" ಎಂದು ದಾರಿಯುದ್ದಕ್ಕೂ ಬೈದ.

ಹೆಂಡತಿಗೆ ಔಷಧದಂಗಡಿಯಲ್ಲಿ ಕೆಲಸ. ಸಂಜೆ ಚಪ್ಪಲಿ ಬಿಡುವ ಮೊದಲೇ ಅವಳ ಪ್ರಶ್ನೆ: "ಫೋನ್ ಬಂತೇನ್ರೀ?"

"ಬಂದಿದ್ರೆ ನಾನು ಹೀಗೆ ಕೂತಿರ್ತಿದ್ನಾ?"

"ಸರಿ, ಅದಕ್ಕೆ ಮಗೂನ ಯಾಕೆ ಬೈತೀರಾ? ಟಿವಿಗೆ ಮೂಗು ತಾಗಿಸ್ಕೊಂಡು ಕೂತ್ಕೋತಾಳೆ, ಕಣ್ಣು ಒಂದ್ಸಲ ಸರಿಯಾಗಿ ನೋಡಿ ಅಂತ ಬಡ್ಕೊಂಡೆ."

"ಯಾರಿಗೆ ಹೇಳ್ತಿದ್ದೀಯೇ? ನಾನು ವಾರವಾರ ನೋಡ್ತಾನೇ ಇದ್ದೀನಿ. ಕೊನೇ ಸಾಲಿನವರೆಗೂ ಓದ್ತಾಳೆ. ಹದ್ದಿನ ಕಣ್ಣು ಅವಳದು!"

ಸುಳ್ಳೇನಲ್ಲ. ರಜೆ ಬಂದರೆ ಗುಬ್ಬಿಯನ್ನು ಅಂಗಡಿಯ ಬಾಗಿಲ ಬಳಿ ನಿಲ್ಲಿಸಿ, ಎದುರು ಗೋಡೆಯ ಅಕ್ಷರದ ಚಾರ್ಟ್ ಓದಿಸುತ್ತಿದ್ದ. ಮೇಲಿನ ದಪ್ಪ ಅಕ್ಷರದಿಂದ ಕೆಳಗಿನ ಪುಡಿ ಅಕ್ಷರದವರೆಗೆ ಒಂದೂ ತಪ್ಪದೆ ಒಪ್ಪಿಸುತ್ತಿದ್ದಳು. ಗಿರಾಕಿಗಳು ಬೆರಗಾಗುತ್ತಿದ್ದರು, ಅವನು ಚಪ್ಪಾಳೆ ತಟ್ಟುತ್ತಿದ್ದ. ಅಂಬೆಗಾಲಿಟ್ಟದ್ದೂ ಆ ಚಾರ್ಟಿನ ಕೆಳಗೇ, ಮೊದಲು ಕಲಿತ ಅಕ್ಷರಗಳೂ ಅದರವೇ.

ದಿನಗಳು ಕಳೆದವು, ಫೋನು ಬರಲಿಲ್ಲ. ಕಾದ ಹೆಂಚಿನ ಮೇಲೆ ಕೂತವನ ಕೆಲಸ ನೆಟ್ಟಗಿರುತ್ತದೆಯೇ? ಮೇಷ್ಟ್ರೊಬ್ಬರ ಕನ್ನಡಕಕ್ಕೆ ಎಡಗಣ್ಣಿನ ಲೆನ್ಸನ್ನು ಬಲಕ್ಕೆ ಕೂರಿಸಿ ಕೊಟ್ಟುಬಿಟ್ಟ. ಅವರು ಮೆಟ್ಟಿಲು ಎಡವಿ, ವಾಪಸು ಬಂದು ಮಂಗಳಾರತಿ ಎತ್ತಿದರು.

ಅಂದು ಮಧ್ಯಾಹ್ನ ಒಬ್ಬರು ಅಜ್ಜಿ ಕಣ್ಣು ತೋರಿಸಲು ಬಂದಿದ್ದರು. ಗುಬ್ಬಿ ಚಾರ್ಟಿಗೆ ಬೆನ್ನು ಹಾಕಿ ನೆಲದ ಮೇಲೆ ಕೂತು, ಹಾಳೆಗೆ ಮೂಗು ತಾಗಿಸಿ ಬಣ್ಣ ತುಂಬುತ್ತಿದ್ದಳು.

"ಕೊನೇ ಸಾಲು ನನ್ನ ಕೈಲಾಗಲ್ಲಪ್ಪ, ಇರುವೆ ಹೋದ ಹಾಗಿದೆ," ಎಂದರು ಅಜ್ಜಿ.

"ರ, ಟ, ಗ, ನ, ಲ, ಪ," ಎಂದಳು ಗುಬ್ಬಿ, ತಲೆಯನ್ನೂ ಎತ್ತದೆ.

ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಬೆನ್ನಲ್ಲೂ ಕಣ್ಣಿದೆಯೇನೇ ನಿನಗೆ?" ಅವನೂ ನಗಲು ಹೊರಟ. ನಗು ಅರ್ಧಕ್ಕೇ ನಿಂತಿತು: ಹುಡುಗಿ ಚಾರ್ಟಿನ ಕಡೆ ನೋಡಿಯೇ ಇರಲಿಲ್ಲ.

ಅಜ್ಜಿಯನ್ನು ಹೇಗೋ ಕಳಿಸಿ, ಚಾರ್ಟನ್ನು ಕಿತ್ತು ತಿರುವಿ, ಬೆನ್ನ ಮೇಲೆ ಬೇರೆ ಅಕ್ಷರಗಳನ್ನು ಬರೆದು ನೇತುಹಾಕಿದ. ಗುಬ್ಬಿಯನ್ನು ಬಾಗಿಲ ಬಳಿ ನಿಲ್ಲಿಸಿದ. ಅವಳು ಎಂದಿನಂತೆ ಹಳೆಯದನ್ನೇ ಶುರುಮಾಡಿದಳು.

"ಅದಲ್ಲ ಕಂದಾ. ಹೊಸದು ಬರೆದಿದ್ದೀನಿ. ಕಾಣೋದನ್ನ ಹೇಳು."

ಗುಬ್ಬಿ ಕಣ್ಣು ಕಿರಿದು ಮಾಡಿ ತುಂಬ ಹೊತ್ತು ನೋಡಿದಳು. "ಬೆಳ್ಳಗೆ ಕಾಣ್ತಿದೆ," ಎಂದಳು.

"ಆವತ್ತು ಶಾಲೇಲಿ ಏನು ಓದಿದೆ?"

"ನಮ್ಮ ಅಂಗಡಿದು. ಅದನ್ನ ಹೇಳಿದ್ರೆ ನೀನು ಚಪ್ಪಾಳೆ ಹೊಡೀತೀಯಲ್ಲ."

ದೀಪದ ಬುಡದಲ್ಲೇ ಕತ್ತಲೆ. ಊರವರ ಕಣ್ಣಿಗೆಲ್ಲ ಲೆನ್ಸು ಕೊಟ್ಟವನಿಗೆ ತನ್ನ ಮಗಳು ಮಂಜಿನೊಳಗೆ ನಡೆದಾಡುತ್ತಿರುವುದು ಕಂಡಿರಲಿಲ್ಲ. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಲೆನ್ಸು ಬದಲಿಸಿ ನೋಡುವ ಟ್ರಯಲ್ ಫ್ರೇಮನ್ನು ಆ ಪುಟ್ಟ ಮೂಗಿನ ಮೇಲಿಟ್ಟ. ಅದು ಜಾರದಂತೆ ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಒಂದು ಲೆನ್ಸು ತೆಗೆದು ಇನ್ನೊಂದು, ಅದನ್ನೂ ತೆಗೆದು ಮತ್ತೊಂದು ಹಾಕಿದ.

"ಮ!" ಎಂದಳು ಗುಬ್ಬಿ. ಆಮೇಲೆ ಉಳಿದದ್ದೆಲ್ಲ ಸರಸರನೆ ಬಂತು. ಕತ್ತು ತಿರುಗಿಸಿ ಬೀದಿ ನೋಡಿದಳು. "ಅಪ್ಪಾ, ಎದುರು ಅಂಗಡಿ ಬೋರ್ಡಲ್ಲಿ ಏನೇನೋ ಬರೆದಿದ್ದಾರೆ!"

ಅಷ್ಟರಲ್ಲಿ, ಅವನು ಮರೆತೇಬಿಟ್ಟಿದ್ದ ಫೋನು ಒಳಗಿನ ಮೇಜಿನ ಮೇಲೆ ಬಡಿದುಕೊಂಡಿತು. ಅವನು ಓಡಿದ.

"ಈ ವರ್ಷ ಸೀಟು ಕೊಡೋಕೆ ಆಗ್ತಿಲ್ಲ ಸರ್," ಎಂದಿತು ಶಾಲೆಯ ಆಫೀಸಿನ ದನಿ. "ಮಗು ಇನ್ನೂ ತಯಾರಿಲ್ಲ."

"ಮೇಡಂ, ಅವಳಿಗೆ ಓದೋಕೆ ಬರುತ್ತೆ. ಬೋರ್ಡ್ ಕಾಣಲಿಲ್ಲ, ಅಷ್ಟೇ. ತಪ್ಪೆಲ್ಲ ನಂದು. ಇನ್ನೊಂದ್ಸಲ ಕರೀರಿ, ಕೈ ಮುಗೀತೀನಿ."

"ನಿಮ್ಮದು ಕನ್ನಡಕದ ಅಂಗಡಿ ಅಲ್ವಾ ಸರ್?"

"ಹೌದು ಮೇಡಂ."

"ಸೀಟೆಲ್ಲ ಭರ್ತಿಯಾಗಿದೆ ಸರ್," ಎಂದು ಇಟ್ಟುಬಿಟ್ಟರು. ಕನ್ನಡಕದವನ ಮಗಳಿಗೆ ಕಣ್ಣು ಕಾಣಲಿಲ್ಲವೆಂದರೆ ಯಾರು ತಾನೇ ನಂಬುತ್ತಾರೆ?

ಅವನು ಫೋನು ಹಿಡಿದು ತುಟಿ ಕಚ್ಚಿ ನಿಂತ. ಅಂಗಡಿಯ ಆ ತುದಿಯಲ್ಲಿ ಗುಬ್ಬಿ ಅಪ್ಪನ ಕಡೆ ತಿರುಗಿ, ಫ್ರೇಮನ್ನು ಒಂದು ಕೈಯಲ್ಲಿ ಹಿಡಿದೇ, ಬೀಸಲೆಂದು ಇನ್ನೊಂದು ಕೈ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. ಅವಳ ನಗು ಮೆಲ್ಲಗೆ ಇಳಿಯಿತು.

"ಅಪ್ಪಾ," ಎಂದಳು, "ದೂರದಿಂದ ನಿನ್ನ ಮುಖ ಯಾವಾಗ್ಲೂ ಹೀಗೇ ಇರುತ್ತಾ?"

ಅವನು ನಿಂತಲ್ಲಿಂದಲೇ ನಗಲು ನೋಡಿದ. ಅದೂ ಅವಳಿಗೆ ಕಾಣುತ್ತಿತ್ತು.